ರಕ್ತ ಹಾಕಿಸಿದ ಮಾರನೆಯ ದಿನ

ಹಲ್ಲಿನ ಕೆಲಸಕ್ಕೂ ಪೂರ್ತಿ ಅರಿವಳಿಕೆ ಬೇಕೇ ಎಂದು ತಂದೆತಾಯಿ ಗಾಬರಿಯಿಂದ ಕೇಳುತ್ತಾರೆ. ಥಲಸ್ಸೀಮಿಯಾ ಮೇಜರ್ ಇರುವ ಪುಟ್ಟ ಮಗು, ಬಾಯಿ ತುಂಬ ಹುಳುಕು, ಸೂಜಿ ಕಂಡರೆ ಚೀರುತ್ತದೆ. ಹತ್ತು ಸಲ ಕುರ್ಚಿಗೆ ಹತ್ತಿಸಿ ಅಳಿಸುವುದಕ್ಕಿಂತ ಒಂದೇ ಸಲ ಮಲಗಿಸಿ ಎಲ್ಲವನ್ನೂ ಮುಗಿಸುವುದೇ ಲೇಸೆಂದು ನನ್ನ ಖಚಿತ ಅಭಿಪ್ರಾಯ.

ಮೊದಲು ಮಗುವಿನ ಮುಖವನ್ನು ಪಕ್ಕದಿಂದ ನೋಡುತ್ತೇನೆ. ರಕ್ತ ಸಾಲದೆ ಮೂಳೆಯೊಳಗಿನ ಮಜ್ಜೆ ಹಿಗ್ಗುತ್ತದೆ. ಕೆನ್ನೆಮೂಳೆ, ಮೇಲ್ದವಡೆ ಉಬ್ಬಿ ಹಲ್ಲುಗಳು ಮುಂದೆ ಚಾಚುತ್ತವೆ. 1925ರಲ್ಲಿ ಅಮೆರಿಕದ ಮಕ್ಕಳ ವೈದ್ಯ ಥಾಮಸ್ ಕೂಲಿ ಈ ಕಾಯಿಲೆಯನ್ನು ವಿವರಿಸಿದಾಗ ಮೂಳೆಗಳ ಈ ಮಾರ್ಪಾಟನ್ನೂ ಹೇಳಿದ್ದರು. ಚಾಚಿದ ದವಡೆ ಲ್ಯಾರಿಂಗೋಸ್ಕೋಪಿಗೆ ಅಡ್ಡ ಬರುತ್ತದೆ, ಧ್ವನಿತಂತು ಸುಲಭಕ್ಕೆ ಕಾಣದು. ವಿಡಿಯೋ ಲ್ಯಾರಿಂಗೋಸ್ಕೋಪ್ ಕೈಗೆಟುಕುವಂತಿರಬೇಕು. ಎಳವೆಯಿಂದ ತಪ್ಪದೆ ರಕ್ತ ಪಡೆದ ಮಕ್ಕಳಲ್ಲಿ ಈ ತೊಡಕು ಕಡಿಮೆ.

ದಂತವೈದ್ಯರಿಗೆ ಬಾಯಿ ಬಿಟ್ಟುಕೊಡಬೇಕಲ್ಲ, ಉಸಿರಿನ ಟ್ಯೂಬು ಮೂಗಿನಿಂದಲೇ ಹೋಗಬೇಕು. ಮೂಗಿಗೆ ರಕ್ತನಾಳ ಕುಗ್ಗಿಸುವ ಹನಿ ಹಾಕಿ, ಟ್ಯೂಬನ್ನು ಬೆಚ್ಚಗಿನ ಸಲೈನಿನಲ್ಲಿ ಮೆತ್ತಗಾಗಿಸಿ, ಜೆಲ್ಲಿ ಸವರಿ ಮೂಗಿನ ತಳಕ್ಕೆ ಸಮನಾಗಿ ನಿಧಾನಕ್ಕೆ ಜಾರಿಸುತ್ತೇನೆ. ಬೆರಳಿಗೆ ತುಸು ತಡೆ ಸಿಕ್ಕರೂ ಒತ್ತುವುದಿಲ್ಲ. ಇನ್ನೊಂದು ಹೊಳ್ಳೆ ನೋಡುತ್ತೇನೆ. ಗಂಟಲಿಗಿಟ್ಟ ಗಾಜ್ ಹೊರಬಂದದ್ದನ್ನು ಎಣಿಸಿಯೇ ಮಗುವನ್ನು ಎಬ್ಬಿಸುವುದು.

ಕಣ್ಣಿಗೆ ಕಾಣದ ಆತಂಕವೆಂದರೆ ಕಬ್ಬಿಣ. ಒಂದು ಬಾಟಲಿ ರಕ್ತದೊಂದಿಗೆ 200ರಿಂದ 250 ಮಿಲಿಗ್ರಾಂ ಕಬ್ಬಿಣ ಮೈಸೇರುತ್ತದೆ, ಅದನ್ನು ಹೊರಹಾಕುವ ದಾರಿ ದೇಹಕ್ಕಿಲ್ಲ. ಹೃದಯ, ಯಕೃತ್ತು, ಮೇದೋಜೀರಕ ಗ್ರಂಥಿಗಳಲ್ಲಿ ಕೂತುಬಿಡುತ್ತದೆ. ಆದ್ದರಿಂದ ಫೆರಿಟಿನ್ ಅಂಕಿಯೊಂದನ್ನೇ ನಂಬದೆ ಎಕೋ ವರದಿಯನ್ನೂ ಕೇಳುತ್ತೇನೆ. ಕಬ್ಬಿಣ ಇಳಿಸುವ ಡಿಫೆರಿಪ್ರೋನ್ ಬಿಳಿ ರಕ್ತಕಣಗಳನ್ನು ಕುಗ್ಗಿಸಬಲ್ಲದು. ಹಲ್ಲು ಕೀಳುವ ಮುನ್ನ ಅವುಗಳ ಎಣಿಕೆ ಆಗಲೇಬೇಕು. ಗುಲ್ಮ ತೆಗೆಸಿದ ಮಗುವಾದರೆ ಸೋಂಕಿನ ಭಯ ಇನ್ನೂ ಹೆಚ್ಚು.

ಇವೆಲ್ಲಕ್ಕಿಂತ ಮುಖ್ಯ, ದಿನ ಗೊತ್ತುಮಾಡುವುದು. ಈ ಮಕ್ಕಳಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕುತ್ತಾರೆ, ಹಿಮೋಗ್ಲೋಬಿನ್ 9ಕ್ಕಿಂತ ಕೆಳಗಿಳಿಯದಂತೆ ನೋಡಿಕೊಳ್ಳುತ್ತಾರೆ. ರಕ್ತ ಹಾಕಿಸಿದ ಮಾರನೆಯ ದಿನವೋ ಅದರಾಚೆಯ ದಿನವೋ ಹಲ್ಲಿನ ಕೆಲಸ ಇಟ್ಟುಕೊಂಡರೆ ಅದಕ್ಕೆಂದೇ ಇನ್ನೊಂದು ಬಾಟಲಿ ಏರಿಸುವ ಪ್ರಮೇಯವೇ ಸಾಮಾನ್ಯವಾಗಿ ಬರದು. ತಾರೀಕು ಬರೆಯುವ ಮುನ್ನ ದಂತವೈದ್ಯರು ಮಗು ರಕ್ತ ಪಡೆಯುವ ಕೇಂದ್ರಕ್ಕೊಂದು ಫೋನ್ ಮಾಡಲಿ. ಯಾವ ಮಗುವಿಗೆ ಹೊಂದುವ ರಕ್ತ ಸಿಗುವುದು ಕಷ್ಟ ಎಂಬುದೂ ಅಲ್ಲಿಯ ಸಿಸ್ಟರುಗಳಿಗೆ ಗೊತ್ತಿರುತ್ತದೆ.