‘ರಾಸಾಯನಿಕ ದೂತ’ ಎಂಬ ರೂಪಕದ ವಿಮರ್ಶೆ

ಕನ್ನಡದ ಶಾಸ್ತ್ರಬರಹಗಳಲ್ಲಿ ಹಾರ್ಮೋನನ್ನು ‘ರಾಸಾಯನಿಕ ದೂತ’ನೆಂದು ಕರೆಯುವ ರೂಢಿಯುಂಟು. ರೂಪಕವೇನೋ ಸುಂದರವಾದುದೇ. ಆದರೆ ಶಾಸ್ತ್ರದಲ್ಲಿ ರೂಪಕವು ಅಲಂಕಾರಮಾತ್ರವಾಗಿ ನಿಲ್ಲದೆ, ಓದುವವನ ನಿರ್ಣಯವನ್ನೂ ತನ್ನೊಡನೆ ಎಳೆದೊಯ್ಯುವುದು. ಆದುದರಿಂದ ಅದರ ಔಚಿತ್ಯವನ್ನು ಪರೀಕ್ಷಿಸುವುದು ಸಾಹಿತ್ಯವಿಮರ್ಶಕನಿಗೂ ಸಲ್ಲುವ ಕಾರ್ಯವೇ ಸರಿ. ಗರ್ಭಾಶಯದ ಸ್ನಾಯುವಿನ ವೃತ್ತಾಂತವು ಈ ಪರೀಕ್ಷೆಗೆ ತಕ್ಕ ಒರೆಗಲ್ಲು.

ಮೈಸೂರಿನ ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಅರ್ಥಶಾಸ್ತ್ರದಲ್ಲಿ ಕೌಟಿಲ್ಯನು ದೂತರನ್ನು ಮೂರು ಬಗೆಯಾಗಿ ವಿಂಗಡಿಸಿರುವನು. ಕಾರ್ಯನಿರ್ಣಯದಲ್ಲಿ ಪೂರ್ಣಾಧಿಕಾರವುಳ್ಳವನು ನಿಸೃಷ್ಟಾರ್ಥ. ಮಿತವಾದ ಅಧಿಕಾರವುಳ್ಳವನು ಪರಿಮಿತಾರ್ಥ. ಓಲೆಯನ್ನು ಮಾತ್ರ ಒಯ್ಯುವವನು ಶಾಸನಹರ. ನಮ್ಮ ಲೇಖಕರು ‘ದೂತ’ಶಬ್ದಕ್ಕೆ ‘ಆಜ್ಞಾಪಿಸುತ್ತದೆ’ ಎಂಬ ಕ್ರಿಯಾಪದವನ್ನು ಜೋಡಿಸಿ, ಹಾರ್ಮೋನಿಗೆ ಮೊದಲನೆಯವನ ಪದವಿಯನ್ನು ಅರಿಯದೆಯೇ ಕೊಟ್ಟುಬಿಡುತ್ತಾರೆ. ದೋಷವಿರುವುದು ಇಲ್ಲಿ.

ಗರ್ಭಕಾಲದಲ್ಲಿ ಈ ಸ್ನಾಯುವು ಶಾಂತವಾಗಿರಲು ಪ್ರೊಜೆಸ್ಟರೋನ್ ಎಂಬ ಹಾರ್ಮೋನು ಬೇಕು. ಕುರಿ, ಇಲಿ ಮೊದಲಾದ ಪ್ರಾಣಿಗಳಲ್ಲಿ ಪ್ರಸವಕ್ಕೆ ಮುನ್ನ ರಕ್ತದಲ್ಲಿ ಅದರ ಪ್ರಮಾಣ ಕುಗ್ಗುವುದು. ದೂತನು ಬಾರದಾದನು, ಶಾಂತಿಯು ಮುರಿಯಿತು ಎಂದರೆ ಅಲ್ಲಿ ಒಪ್ಪೀತು. ಮನುಷ್ಯಸ್ತ್ರೀಯಲ್ಲಿ ಹಾಗಲ್ಲ. ಹೆರಿಗೆಯ ನೋವು ತೊಡಗಿದಾಗಲೂ ಅದು ರಕ್ತದಲ್ಲಿ ಹೇರಳವಾಗಿಯೇ ಇದ್ದು, ಮಾಸು ಬಿದ್ದಮೇಲೆ ಇಳಿಯುತ್ತದೆ. ದೂತನು ಬಾಗಿಲಲ್ಲಿ ನಿಂತಿರುವಾಗಲೇ ಶಾಂತಿಯು ಮುರಿಯುವುದೆಂತು?

ಉತ್ತರವು ಓಲೆಯನ್ನು ಓದುವ ಪ್ರೋಟೀನುಗಳಲ್ಲಿದೆ. ಪ್ರೊಜೆಸ್ಟರೋನಿನ ಗ್ರಾಹಕಗಳಲ್ಲಿ ಮುಖ್ಯವಾದವು ಎರಡು: ‘ಎ’ ಮತ್ತು ‘ಬಿ’. ಎರಡೂ ಒಂದೇ ಜೀನಿನಿಂದ ಹುಟ್ಟಿದವು; ‘ಎ’ ಎಂಬುದು ಆದಿಭಾಗದಲ್ಲಿ 164 ಅಮೈನೋ ಆಮ್ಲಗಳಷ್ಟು ಮೊಟಕು. ‘ಬಿ’ ಗ್ರಾಹಕವು ಹಾರ್ಮೋನಿನೊಡನೆ ಕೂಡಿ, ಸಂಕೋಚಕ್ಕೆ ಬೇಕಾದ ಜೀನುಗಳನ್ನು ಅಡಗಿಸಿಡುವುದು. ಪ್ರಸವಕಾಲಕ್ಕೆ ‘ಎ’ಯ ಪಾಲು ಹೆಚ್ಚಿ, ‘ಬಿ’ಯ ಕಾರ್ಯಕ್ಕೆ ಅಡ್ಡಿಯಾಗುವುದು. ಆಗ ಕನೆಕ್ಸಿನ್-43, ಆಕ್ಸಿಟೋಸಿನ್ ಗ್ರಾಹಕ ಮೊದಲಾದವುಗಳ ಜೀನುಗಳು ಅಧಿಕವಾಗಿ ಅಭಿವ್ಯಕ್ತವಾಗುತ್ತವೆ. ಕನೆಕ್ಸಿನ್ ಕೋಶಕೋಶಗಳ ನಡುವೆ ಕಿಂಡಿಗಳನ್ನು ರಚಿಸಲು, ಬಿಡಿಬಿಡಿಯಾಗಿ ವರ್ತಿಸುತ್ತಿದ್ದ ಕೋಶಗಳು ಒಡಗೂಡಿ ಸಂಕೋಚಿಸುತ್ತವೆ. ಓಲೆಯು ಅದೇ, ಓದುವವನು ಬೇರೆಯಾದುದರಿಂದ ಫಲವು ಬೇರೆಯಾಯಿತು.

ಇದು ಬರಿಯ ಶಬ್ದವಿವಾದವಲ್ಲ. 2020ರಲ್ಲಿ ಲೋಕದಲ್ಲಿ ಸುಮಾರು 1 ಕೋಟಿ 34 ಲಕ್ಷ ಶಿಶುಗಳು 37 ವಾರ ತುಂಬುವ ಮುನ್ನವೇ ಜನಿಸಿದವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅಕಾಲಪ್ರಸವವನ್ನು ತಡೆಯಲೆಂದು ಪ್ರೊಜೆಸ್ಟರೋನಿನ ವರ್ಗದ ಒಂದು ಚುಚ್ಚುಮದ್ದಿಗೆ ಅಮೆರಿಕದ ಔಷಧನಿಯಂತ್ರಣ ಸಂಸ್ಥೆಯು 2011ರಲ್ಲಿ ಅನುಮತಿಯಿತ್ತಿತು. ಮುಂದಿನ ದೊಡ್ಡ ಪರೀಕ್ಷೆಯಲ್ಲಿ ಪ್ರಯೋಜನವು ಕಾಣದಿರಲು, 2023ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ಆ ವೈಫಲ್ಯಕ್ಕೆ ರೂಪಕವೇ ಕಾರಣವೆಂದು ನಾನು ಹೇಳೆನು. ಆದರೆ ದೂತನನ್ನೇ ಪ್ರಭುವೆಂದು ಕಲಿತ ವಿದ್ಯಾರ್ಥಿಗೆ, ದೂತರನ್ನು ಹೆಚ್ಚಾಗಿ ಕಳುಹಿದರೂ ಕಾರ್ಯವು ಸಿದ್ಧಿಸದೆ ಹೋಗಬಹುದೆಂಬುದು ಸುಲಭವಾಗಿ ಹೊಳೆಯದು.

‘ದೂತ’ಶಬ್ದವನ್ನು ಬಿಡಬೇಕೆಂದು ನನ್ನ ಮತವಲ್ಲ. ಅವನು ಶಾಸನಹರನೆಂಬುದನ್ನು ನೆನೆದು, ‘ಆಜ್ಞಾಪಿಸುತ್ತದೆ’ ಎಂಬೆಡೆಯಲ್ಲಿ ‘ತಿಳಿಸುತ್ತದೆ’ ಎಂದು ಬರೆದು, ಓಲೆಯನ್ನು ಓದುವ ಗ್ರಾಹಕದ ಹೆಸರನ್ನೂ ಅದೇ ವಾಕ್ಯದಲ್ಲಿ ಹೇಳಿದರೆ ಸಾಕು. ಪಾಠ ಹೇಳುವವರು ಇಷ್ಟನ್ನು ಪಾಲಿಸಿದರೆ ಶಾಸ್ತ್ರಕ್ಕೂ ಭಾಷೆಗೂ ಉಪಕಾರವಾದೀತು.