ಪ್ಲಾಸ್ಟಿಕ್ ಹುಳುವಿನ ಪರವಾಗಿ

ಅಮೆರಿಕದಲ್ಲಿ ಬಾಸ್ ಮೀನು ಹಿಡಿಯುವವರ ಪೆಟ್ಟಿಗೆ ತೆರೆದರೆ ಜಾತ್ರೆಯ ಆಟಿಕೆ ಅಂಗಡಿ ಹರವಿದಂತಿರುತ್ತದೆ. ಬಣ್ಣ ಬಳಿದ ಮರದ ಮೀನು, ಗಿರಗಿರನೆ ತಿರುಗುವ ತಗಡಿನ ಬಿಲ್ಲೆ, ರಬ್ಬರ್ ಕಪ್ಪೆ. ಇವುಗಳ ನಡುವೆ ತೀರಾ ಸಪ್ಪೆಯಾಗಿ ಬಿದ್ದಿರುವುದು ಗೇಣುದ್ದದ ಪ್ಲಾಸ್ಟಿಕ್ ಹುಳು. ಓಹಾಯೋದ ಆಕ್ರನ್ ಊರಿನ ನಿಕ್ ಕ್ರೀಮ್ 1949ರಲ್ಲಿ ಅಚ್ಚು ಹಾಕಿದ ಈ ಹುಳುವಿಗಿಂತ ಮೇಲಾದ ಹುಸಿ ಎರೆ ಇನ್ನೂ ಬಂದಿಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ.

ಇದನ್ನು ಕಟ್ಟುವ ಹೆಸರಾಂತ ಬಗೆ ಟೆಕ್ಸಾಸ್ ರಿಗ್. ಬಂದೂಕಿನ ಗುಂಡಿನಾಕಾರದ ತೂತುಳ್ಳ ಸೀಸವನ್ನು ಮೊದಲು ದಾರಕ್ಕೆ ಪೋಣಿಸಿ, ಆಮೇಲೆ ಕೊಕ್ಕೆ ಕಟ್ಟಬೇಕು. ಕೊಕ್ಕೆಯನ್ನು ಹುಳುವಿನ ತಲೆಗೆ ತುಸು ತೂರಿಸಿ, ಪಕ್ಕದಿಂದ ಹೊರಗೆಳೆದು, ಹೊರಳಿಸಿ, ಮೊನೆಯನ್ನು ಮತ್ತೆ ಮೈಯೊಳಗೇ ಹುದುಗಿಸಬೇಕು. ಮೊನೆ ಹೊರಗಿಲ್ಲದ್ದರಿಂದ ಜೊಂಡಿಗೂ ಮುಳುಗಿದ ಕೊಂಬೆಗೂ ಅದು ಸುಲಭಕ್ಕೆ ಸಿಕ್ಕಿಕೊಳ್ಳುವುದಿಲ್ಲ. ಬಾಸ್ ಹೊಂಚು ಹಾಕುವುದೂ ಅಂಥ ಕಡೆಯೇ. ಎಸೆದ ಮೇಲೆ ಹುಳು ತಳ ಮುಟ್ಟುವವರೆಗೆ ಕಾಯಬೇಕು. ಕೋಲಿನ ತುದಿಯನ್ನು ನಿಧಾನವಾಗಿ ಎತ್ತಿ, ಇಳಿಸಿ, ಸಡಿಲಾದ ದಾರವನ್ನು ಮಾತ್ರ ಸುತ್ತಿಕೊಳ್ಳಬೇಕು. ಮೀನು ಹೆಚ್ಚಾಗಿ ಬಾಯಿಗೆ ಹಾಕಿಕೊಳ್ಳುವುದು ಹುಳು ಕೆಳಗಿಳಿಯುವಾಗ. ಬಾಸ್ ಕಚ್ಚುವುದಕ್ಕಿಂತ ಹೆಚ್ಚಾಗಿ ಬಾಯಗಲಿಸಿ ನೀರಿನ ಸಮೇತ ಹೀರಿಕೊಳ್ಳುತ್ತದೆ. ಬೆರಳಿಗೆ ತಿಳಿಯುವುದು ಒಂದು ಸಣ್ಣ ‘ಟಕ್’, ಅಷ್ಟೇ. ಕೆಲವೊಮ್ಮೆ ಅದೂ ಇಲ್ಲ, ದಾರ ತಾನಾಗಿ ಪಕ್ಕಕ್ಕೆ ಸರಿಯುತ್ತದೆ. ಎರೆಹುಳು ಚುಚ್ಚಿ ಬೆಂಡು ನೋಡುತ್ತ ಕೆರೆ ಏರಿಯ ಮೇಲೆ ಕೂರುವ ನಮ್ಮವರಿಗೆ ಕಣ್ಣು ಮಾಡುವ ಕೆಲಸವನ್ನು ಇಲ್ಲಿ ಬೆರಳು ಮಾಡಬೇಕು. ಕಲ್ಲು ತಗುಲಿತೋ, ಬೇರು ತಗುಲಿತೋ, ಮೀನೋ ಎಂಬುದು ಕೈಗೆ ಗೊತ್ತಾಗುವ ಹೊತ್ತಿಗೆ ಸರೋವರದ ತಳವೇ ಪರಿಚಯವಾಗಿರುತ್ತದೆ. ಈ ವಿದ್ಯೆಯಲ್ಲಿ ನಾನು ಬೆಲೆ ಕೊಡುವುದು ಅದಕ್ಕೆ.

ಕ್ರ್ಯಾಂಕ್‌ಬೇಟ್ ಎಂಬ ಗಟ್ಟಿ ಮೈಯ ಹುಸಿ ಮೀನು ಬೇರೆ ಜಾತಿ. ಮೂತಿಯ ಪಟ್ಟಿ ನೀರನ್ನು ತಳ್ಳಿ ಅದನ್ನು ಆಳಕ್ಕಿಳಿಸುತ್ತದೆ, ಮೈ ಒಲೆದಾಡಿಸುತ್ತದೆ. ಕಡಿಮೆ ಹೊತ್ತಿನಲ್ಲಿ ಹೆಚ್ಚು ನೀರು ತಡಕಲು ಇದೇ ಸರಿ. ಆದರೆ ಅರ್ಧ ಚಾತುರ್ಯ ಕಾರ್ಖಾನೆಯಲ್ಲೇ ಮುಗಿದಿರುತ್ತದೆ. 1936ರಲ್ಲಿ ಫಿನ್ಲೆಂಡಿನ ಲೌರಿ ರಾಪಾಲಾ, ಗಾಯಗೊಂಡು ಕುಂಟುವ ಮರಿಮೀನಿನ ಮೇಲೆ ದೊಡ್ಡ ಮೀನು ಎರಗುವುದನ್ನು ನೋಡಿ ನೋಡಿ ಬೆಂಡಿನಲ್ಲಿ ತನ್ನ ಮೊದಲ ಎರೆ ಕೆತ್ತಿದ. ಆ ನೋಟ ದೊಡ್ಡದು. ಈಗ ಅಂಥ ಎರೆಯನ್ನು ಕೊಂಡು ಎಳೆಯುವವನಿಗೆ ಅದು ಬೇಕಾಗುವುದಿಲ್ಲ. ಮುಂಜಾವದ ನಿಂತ ನೀರಿನ ಮೇಲೆ ಎಡಬಲ ಜಾರಿಸುವ ಎರೆಗಳ ರೋಮಾಂಚನ ನಿಜವಾದದ್ದೇ, ಆದರೆ ಬಿಸಿಲೇರುತ್ತಲೇ ಅವುಗಳ ಆಟ ಸಾಮಾನ್ಯವಾಗಿ ಮುಗಿಯುತ್ತದೆ.

ತೂಕವೊಂದೇ ಅಳತೆಯಾದರೆ ಈ ಚರ್ಚೆಯೇ ಬೇಡ. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿತಾ ಹಿಡಿದ, 1932ರ ವಿಶ್ವದಾಖಲೆಗೆ ಸಮನಾದ 10.12 ಕಿಲೋ ಬಾಸ್ ಬಿದ್ದದ್ದು ಜೀವಂತ ಮೀನಿನ ಎರೆಗೆ. ಹುಸಿ ಎರೆ ಹಿಡಿದವನು ಬೇಕೆಂದೇ ಕಷ್ಟದ ದಾರಿ ಆರಿಸಿಕೊಂಡವನು. ಆ ಕಷ್ಟವನ್ನು ಕಳಚಿಹಾಕುವ ಉಪಾಯಗಳನ್ನು ನಾನು ಒಪ್ಪಲಾರೆ. 2018ರಲ್ಲಿ ಗಾರ್ಮಿನ್ ಕಂಪನಿಯ ಲೈವ್‌ಸ್ಕೋಪ್ ಎಂಬ ಸೋನಾರ್ ಬಂದ ಮೇಲೆ ದೋಣಿಯ ಮುಂದಿರುವ ಮೀನು ಪರದೆಯ ಮೇಲೆ ಆಯಾ ಕ್ಷಣವೇ ಕಾಣುತ್ತದೆ. ಎರೆ ಅದರ ಮೂತಿಯ ಮುಂದೆ ಇಳಿಯುವುದೂ ಕಾಣುತ್ತದೆ. ನೀರು ಓದಬೇಕಾದವನು ಟಿವಿ ನೋಡುತ್ತಾನೆ. ಸ್ಪರ್ಧೆಗಳಲ್ಲಿ ಇದಕ್ಕೆ ಮಿತಿ ಹಾಕತೊಡಗಿರುವುದು ಸರಿಯಾಗಿದೆ.

ಇದಕ್ಕಿಂತ ಕೆಟ್ಟದ್ದು ಗೂಡಿನ ಮೇಲಿನ ಬೇಟೆ. ವಸಂತದಲ್ಲಿ ನೀರು 15–18 ಡಿಗ್ರಿಗೆ ಬಂದಾಗ ಗಂಡು ಬಾಸ್ ದಡದ ಹತ್ತಿರ ತಳ ಗುಡಿಸಿ ಗೂಡು ಮಾಡುತ್ತದೆ, ಮೊಟ್ಟೆ ಕಾಯುತ್ತದೆ. ಅಲ್ಲಿಗೆ ಹುಳು ಇಳಿಸಿದರೆ ಅದು ಎರಗುವುದು ಹಸಿವಿಗಲ್ಲ, ಮೊಟ್ಟೆ ಉಳಿಸಲು. 1972ರಲ್ಲಿ ಬಾಸ್ ಸ್ಪರ್ಧೆಗಳ ಸಂಘಟಕ ರೇ ಸ್ಕಾಟ್ ತಮ್ಮ ಸ್ಪರ್ಧೆಗಳಲ್ಲಿ ಜಾರಿಗೆ ತಂದ ‘ಹಿಡಿದು ಬಿಡುವ’ ಪದ್ಧತಿ ಬಾಸ್‌ಗೆ ಮಾಡಿದ ಉಪಕಾರ ದೊಡ್ಡದು. ಆದರೆ ಗೂಡಿನ ಮೀನಿಗೆ ಅದು ಸಾಲದು. ತೂಕ ನೋಡಿ, ಫೋಟೊ ತೆಗೆದು ಬಿಡುವ ನಾಲ್ಕು ನಿಮಿಷದಲ್ಲೇ ಬ್ಲೂಗಿಲ್ ಮೀನುಗಳು ಮೊಟ್ಟೆಗೆ ಮುತ್ತಬಹುದು. ಗಾಳಕ್ಕೆ ಬೇಗ ಬೀಳುವ ಸ್ವಭಾವ ತಲೆಮಾರಿನಿಂದ ತಲೆಮಾರಿಗೆ ದಾಟುತ್ತದೆಂದು ಇಲಿನಾಯ್‌ನ ಸಂಶೋಧಕರು 2009ರಲ್ಲಿ ತೋರಿಸಿದರು. ಹಾಗೆ ಬೀಳುವ ಗಂಡುಗಳೇ ಮರಿಗಳನ್ನು ಹೆಚ್ಚು ಅಕ್ಕರೆಯಿಂದ ಕಾಯುತ್ತವೆಂದು 2012ರ ಅಧ್ಯಯನ ಹೇಳಿತು. ಒಳ್ಳೆಯ ತಂದೆಗಳನ್ನೇ ಆರಿಸಿ ಎತ್ತುವ ಕೌಶಲವನ್ನು ಕೌಶಲವೆಂದು ನಾನು ಕರೆಯುವುದಿಲ್ಲ.

ನಾನು ಮೆಚ್ಚುವ ಹುಳುವಿನದೂ ದೊಡ್ಡ ತಪ್ಪಿದೆ. ಮೆತ್ತಗಿರುವುದರಿಂದ ಬೇಗ ಹರಿಯುತ್ತದೆ, ಹರಿದ ಚೂರು ತಳದಲ್ಲಿ ಕೊಳೆಯದೆ ಉಳಿಯುತ್ತದೆ, ಮೀನುಗಳು ಅದನ್ನು ನುಂಗುತ್ತವೆ. ಅಮೆರಿಕದ ಸರೋವರಗಳಲ್ಲಿ ಕೋಲು ಹಿಡಿಯುವ ಕನ್ನಡಿಗರಲ್ಲಿ ನನ್ನದೊಂದು ವಿನಂತಿ: ಹರಿದ ಹುಳುವನ್ನು ನೀರಿಗೆ ಎಸೆಯದೆ ಜೇಬಿಗೆ ಹಾಕಿಕೊಳ್ಳಿ, ಗೂಡು ಕಾಯುವ ಮೀನು ಕಂಡರೆ ದೋಣಿಯನ್ನು ಬೇರೆ ಕಡೆಗೆ ತಿರುಗಿಸಿ.