ಮಸೀದಿಯ ಕೊಳ, ಮಸೀದಿಯ ಅಂಗಳ

ಈಚೆಗೆ ಹೊನ್ನಾಳಿಯಲ್ಲಿ ನಾವು ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯನ್ನೂ ಬಾನು ಮುಷ್ತಾಕ್ ಅವರ ‘ಕರಿನಾಗರಗಳು’ ಕಥೆಯನ್ನೂ ಒಟ್ಟಿಗೆ ಓದಿದೆವು. ತಲಾಖ್‌ಗೆ ಗುರಿಯಾದ ನಾದಿರಾ ಕೊನೆಗೆ ಮಸೀದಿಯ ಕೊಳದಲ್ಲಿ ಮುಳುಗುತ್ತಾಳೆ. ಗಂಡ ಕೈಬಿಟ್ಟ ಅಶ್ರಫ್ ಮಕ್ಕಳನ್ನು ಕಟ್ಟಿಕೊಂಡು ಮಸೀದಿಯ ಅಂಗಳದಲ್ಲಿ ನ್ಯಾಯ ಕೇಳಿ ಕೂರುತ್ತಾಳೆ. ನಾದಿರಾಳ ಸಾವು ಕಣ್ಣು ತುಂಬಿಸುತ್ತದೆ. ಆದರೆ ಅವಳೊಂದಿಗೆ ಅವಳ ಪ್ರಶ್ನೆಯೂ ಮುಳುಗಿಬಿಡುತ್ತದೆ. ಅಶ್ರಫ್‌ಳ ಕಂದ ತೀರಿಕೊಂಡ ಮೇಲೆ ಮೊಹಲ್ಲಾದ ಹೆಂಗಸರೇ ಮುತವಲ್ಲಿಗೆ ಶಾಪ ಹಾಕುತ್ತಾರೆ. ನಮಗೆ ಈ ಕಥೆಯೇ ಹೆಚ್ಚು ಹಿಡಿಸಿತು.

ಇಂಥ ಬರಹ ದೀನ್ ಮೇಲಿನ ದೂರು ಎನ್ನುವವರಿದ್ದಾರೆ. ಶರೀಅತ್ ಹೆಣ್ಣಿಗೆ ಕೊಟ್ಟ ಹಕ್ಕನ್ನು ಅವಳಿಂದಲೇ ಮುಚ್ಚಿಟ್ಟವರ ಮೇಲಿನ ದೂರು ಇದು. 2025ರಲ್ಲಿ ಬಾನು ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ಹೆಮ್ಮೆಪಟ್ಟವರು, ಜಮಾಅತ್‌ನ ಹಿರಿಯರೂ ಸೇರಿ, ಈ ಕಥೆಯನ್ನೊಮ್ಮೆ ಓದಲಿ.